ಒಂದು ಲೋಟ ನೀರಿನ ಪರೀಕ್ಷೆ, ಎರಡು ಬ್ಯಾರೆಲ್ ನೀರಿನ ಘಾಟಿ

ಇವರಿಗೆ,
ಮಾನ್ಯ ಸಾರಿಗೆ ಆಯುಕ್ತರು,
ಕರ್ನಾಟಕ ಸರ್ಕಾರ, ಬೆಂಗಳೂರು.

ಕೊಡಗಿನ ಲಾರಿ ಮಾಲೀಕರು, ಡ್ರೈವರುಗಳು ಮತ್ತು ಲಾರಿಗೆ ಲೋಡು ಕೊಡುವ ತೋಟದ ಮಾಲೀಕರ ಗಮನಕ್ಕೂ.

ವಿಷಯ: ಹಳೇ ಲಾರಿಗಳ ಬ್ರೇಕ್ ಸುಧಾರಿಸಿಕೊಳ್ಳಲು ಕಾನೂನಿನಲ್ಲಿ ಒಂದು ದಾರಿ ಮಾಡಿಕೊಡುವ ಬಗ್ಗೆ.

ಮಾನ್ಯರೇ,

ನಾನು ಸುಂಟಿಕೊಪ್ಪ ಕಡೆಯವನು. ಮೂರು ಎಕರೆ ಕಾಫಿ, ಅದರೊಳಗೆ ಮೆಣಸಿನ ಬಳ್ಳಿ, ಮನೆ ಮುಂದೆ ಒಂದು ಹಳೇ ಲಾರಿ. ತೋಟ ಅಪ್ಪನಿಂದ ಬಂದದ್ದು. ಲಾರಿಯೂ ಅಪ್ಪನಿಂದಲೇ ಬಂದದ್ದು. ಆರು ಚಕ್ರದ ಗಾಡಿ, ಲೋಡು ತುಂಬಿದರೆ 12 ಟನ್. ನಾನೇ ಮಾಲೀಕ, ನಾನೇ ಡ್ರೈವರ್. ಕರಾವಳಿ ಕಡೆ ಹೋಗುವಾಗ ಸಿಲ್ವರ್ ಮರ, ಬರುವಾಗ ಕೆಂಪುಕಲ್ಲು ಇಲ್ಲವೇ ಗೊಬ್ಬರ. ಮಡಿಕೇರಿಯಿಂದ ಘಾಟಿಯ ಬುಡದ ಸಂಪಾಜೆಗೆ ಎಷ್ಟು ಸಲ ಇಳಿದಿದ್ದೇನೋ ಲೆಕ್ಕ ಇಟ್ಟಿಲ್ಲ.

ಈ ಪತ್ರವನ್ನು ಎಲ್ಲರೂ ಓದುವ ಹಾಗೆ ಬರೆಯುವುದಕ್ಕೆ ಒಂದು ಕಾರಣ ಇದೆ. ಇದೇ ವಿಷಯವನ್ನು ಮೊದಲು ಅರ್ಜಿಯಾಗಿ ಬರೆದುಕೊಂಡು ಹೋಗಿದ್ದೆ. ಅದನ್ನು ತೆಗೆದುಕೊಳ್ಳಲಿಲ್ಲ. ಆ ಕಥೆ ಆಮೇಲೆ. ಮೊದಲು ನಡೆದದ್ದು ಹೇಳಿಬಿಡುತ್ತೇನೆ.

ಹೋದ ವರ್ಷ ಮಳೆ ಕಡಿಮೆಯಾಗಿ, ಮರ ಸಾಗಿಸಲು ಇದ್ದ ತಡೆ ಮುಗಿದು ಸ್ವಲ್ಪ ದಿನ ಆಗಿತ್ತು. ಬೆಳಗ್ಗೆ ಏಳಕ್ಕೆ ಮಡಿಕೇರಿ ಬಿಟ್ಟೆ. ಮಂಜು ಇತ್ತು. ಮುಂದೆ ಒಂದು ಬಸ್ಸು, ಅದರ ಮುಂದೆ ಒಂದು ಟ್ಯಾಂಕರ್. ಅವರು ನಿಧಾನ, ಹಾಗಾಗಿ ನಾನೂ ನಿಧಾನ. ಮೂರನೇ ಗೇರಿನಲ್ಲಿ ಇಳಿಯುತ್ತಿದ್ದೆ. ಎರಡರಲ್ಲಿ ಇಳಿಯಬೇಕಿತ್ತು, ಒಪ್ಪಿಕೊಳ್ಳುತ್ತೇನೆ. ಬಸ್ಸಿನ ಹಿಂದೆ ಮತ್ತೆ ಮತ್ತೆ ಬ್ರೇಕ್ ಒತ್ತಬೇಕಾಯಿತು. ಮದೆನಾಡು ದಾಟಿದ ಮೇಲೆ ಬ್ರೇಕ್ ಹಾಕಿದಾಗ ಉಜ್ಜಿ ಹಿಡಿಯುವ ಪಟ್ಟಿ, ಅಂದರೆ ಲೈನರ್ ಸುಟ್ಟ ವಾಸನೆ ಬಂತು. ಘಾಟಿಯಲ್ಲಿ ಓಡಿಸುವವರಿಗೆ ಅದು ಹೊಸದಲ್ಲ. ಮುಂದೆ ಎಲ್ಲಾದರೂ ಜಾಗ ಸಿಕ್ಕರೆ ನಿಲ್ಲಿಸೋಣ ಅಂದುಕೊಂಡೆ.

ಒಂದು ತಿರುವಿನಲ್ಲಿ ಬ್ರೇಕ್ ಒತ್ತಿದರೆ ಪೆಡಲ್ ಸೀದಾ ಕೆಳಗೆ ಹೋಯಿತು. ಹತ್ತಿಯ ಮೂಟೆ ಮೇಲೆ ಕಾಲಿಟ್ಟ ಹಾಗೆ. ಎರಡು ಸಲ, ಮೂರು ಸಲ ಪಂಪ್ ಮಾಡಿದೆ. ಸ್ವಲ್ಪ ಹಿಡಿಯಿತು, ಮತ್ತೆ ಬಿಟ್ಟಿತು. ಕ್ಲಚ್ ಎರಡು ಸಲ ಒತ್ತಿ ಹೇಗೋ ಎರಡನೇ ಗೇರಿಗೆ ತಂದೆ. ಹ್ಯಾಂಡ್ ಬ್ರೇಕ್ ಕಿತ್ತು ಬರುವ ಹಾಗೆ ಎಳೆದೆ. ಬಲಕ್ಕೆ ಪ್ರಪಾತ, ಎಡಕ್ಕೆ ಬರೆ, ಅಂದರೆ ರಸ್ತೆಗೆ ಕಡಿದ ಗುಡ್ಡದ ಗೋಡೆ. ನಮ್ಮ ಪುಣ್ಯಕ್ಕೆ ಬರೆ ಎಡಕ್ಕಿತ್ತು. ಗಾಡಿಯನ್ನು ಬರೆಗೆ ಉಜ್ಜಿಸಿಕೊಂಡು ಚರಂಡಿಗೆ ಇಳಿಸಿದೆ. ಕ್ಯಾಬಿನ್ನಿನ ಎಡಭಾಗ ಹೋಯಿತು. ಕ್ಲೀನರ್ ಹುಡುಗನ ಹಣೆ ಒಡೆದು ನಾಲ್ಕು ಹೊಲಿಗೆ ಬಿತ್ತು. ಮರದ ದಿಮ್ಮಿಗಳು ಮುಂದೆ ಜಾರಿ ಕ್ಯಾಬಿನ್ನಿಗೆ ತಾಗಿ ನಿಂತಿದ್ದವು. ಹಗ್ಗ ಹರಿದಿದ್ದರೆ ಈ ಪತ್ರ ಬರೆಯಲು ನಾನು ಇರುತ್ತಿರಲಿಲ್ಲ. ಬಸ್ಸಿನಲ್ಲಿ ಕಾಲೇಜು ಮಕ್ಕಳಿದ್ದರು. ಅವರಿಗೆ ಹಿಂದೆ ಏನಾಯಿತು ಅಂತ ಗೊತ್ತೇ ಆಗಲಿಲ್ಲ. ತಿರುವು ದಾಟಿ ಹೋಗಿಬಿಟ್ಟರು.

ಈಗ ಕೇಳಿ, ನಿಜವಾದ ವಿಷಯ ಇಲ್ಲಿದೆ. ಒಂದು ಗಂಟೆ ಬಿಟ್ಟು ಸ್ಥಳ ನೋಡಲು ಬಂದವರು ಕ್ಯಾಬಿನ್ ಹತ್ತಿ ಪೆಡಲ್ ಒತ್ತಿ ನೋಡಿದರು. ಪೆಡಲ್ ಕಲ್ಲಿನ ಹಾಗೆ ಗಟ್ಟಿ. "ಬ್ರೇಕ್ ಚೆನ್ನಾಗೇ ಇದೆಯಲ್ಲಪ್ಪ" ಅಂದರು. ನನ್ನ ಮುಖ ನೋಡಿದರು. ನಿದ್ದೆ ಹೊಡೆದಿರಬೇಕು ಅನ್ನುವ ನೋಟ ಅದು. ನಾನೂ ಒತ್ತಿ ನೋಡಿದೆ. ನಿಜ, ಬ್ರೇಕ್ ಚೆನ್ನಾಗೇ ಇತ್ತು. ಆ ಹೊತ್ತಿಗೆ ತಣ್ಣಗಾಗಿತ್ತು, ಅಷ್ಟೇ.

ನನ್ನ ಗಾಡಿಯದು ಹೈಡ್ರಾಲಿಕ್ ಬ್ರೇಕ್, ಜೊತೆಗೆ ಗಾಳಿಯ ಬೂಸ್ಟರ್. ಕಾಲಿನ ಒತ್ತಡಕ್ಕೆ ಗಾಳಿ ಸಹಾಯ ಮಾಡುತ್ತದೆ. ಆದರೆ ಚಕ್ರದವರೆಗೆ ಆ ಒತ್ತಡವನ್ನು ಹೊತ್ತುಕೊಂಡು ಹೋಗುವುದು ಬ್ರೇಕ್ ಆಯಿಲ್. ಆ ಆಯಿಲ್ ಗಾಳಿಯಲ್ಲಿರುವ ತೇವ ಹೀರಿಕೊಳ್ಳುತ್ತದೆ. ನಮ್ಮ ಊರಿನ ಮಳೆ ನಿಮಗೆ ಗೊತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀರುವಿನೊಳಗಿನ ಚಪ್ಪಲಿಗೇ ಬೂಷ್ಟು ಬರುತ್ತದೆ, ಇನ್ನು ಬ್ರೇಕ್ ಆಯಿಲ್ ಡಬ್ಬಿಯ ಕಥೆ ಏನು? ಡಾಟ್ 3 ಅನ್ನುವ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು ಅಂತ ಗುಣಮಟ್ಟ ಇದೆ. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಘಾಟಿ ಇಳಿಯುವಾಗ ಚಕ್ರದ ಜೊತೆ ತಿರುಗುವ ಬ್ರೇಕ್ ಡ್ರಮ್ಮಿನ ಬಿಸಿ, ಲೈನರನ್ನು ಡ್ರಮ್ಮಿಗೆ ಒತ್ತುವ ವೀಲ್ ಸಿಲಿಂಡರಿಗೆ ಹತ್ತಿ, ಒಳಗಿನ ಆಯಿಲ್ ಕುದಿದು ಆವಿಯ ಗುಳ್ಳೆ ಏಳುತ್ತದೆ. ಆಯಿಲ್ಲನ್ನು ಒತ್ತಿ ಕುಗ್ಗಿಸಲು ಆಗುವುದಿಲ್ಲ, ಗುಳ್ಳೆಯನ್ನು ಕುಗ್ಗಿಸಬಹುದು. ಪೆಡಲ್ ಕೆಳಗೆ ಹೋಗುತ್ತದೆ, ಲೈನರ್ ಮಾತ್ರ ಅಲ್ಲಾಡುವುದಿಲ್ಲ. ತಣ್ಣಗಾದ ಮೇಲೆ ಆವಿ ಮತ್ತೆ ಆಯಿಲ್ ಆಗುತ್ತದೆ. ಪೆಡಲ್ ಗಟ್ಟಿಯಾಗುತ್ತದೆ. ತಪ್ಪು ಮಾಡಿದವನು ಸಾಕ್ಷಿ ಅಳಿಸಿಕೊಂಡು ಹೋದ ಹಾಗೆ.

ಆಯಿಲ್ ಬದಲಾಯಿಸದೆ ಮೂರು ವರ್ಷ ಸುಮ್ನೆ ಮೇಲಿಂದ ಮೇಲೆ ತುಂಬಿಸಿಕೊಂಡು ಬಂದದ್ದು ನನ್ನ ತಪ್ಪು. ಅದನ್ನು ಬೇರೆಯವರ ತಲೆಗೆ ಕಟ್ಟುವುದಿಲ್ಲ. ಆದರೆ ಅದೇ ಗಾಡಿ, ಅದೇ ಆಯಿಲ್ ಇಟ್ಟುಕೊಂಡು, ಈ ಘಟನೆಗೆ ಎರಡು ತಿಂಗಳು ಮುಂಚೆ ಎಫ್‌ಸಿ, ಅಂದರೆ ಗಾಡಿ ಓಡಿಸಲು ಯೋಗ್ಯ ಅನ್ನುವ ಸರ್ಟಿಫಿಕೇಟಿನ ಪರೀಕ್ಷೆ, ಪಾಸಾಗಿತ್ತು. ಹೇಗೆ ಪಾಸಾಯಿತು ಕೇಳಿ. ಖಾಲಿ ಗಾಡಿ, ಸಮತಟ್ಟಾದ ಮೈದಾನ. ಇಪ್ಪತ್ತರ ವೇಗದಲ್ಲಿ ಓಡಿಸಿ "ಹಾಕಿ ಬ್ರೇಕ್" ಅಂದರು. ಹಾಕಿದೆ, ನಿಂತಿತು. ಮುಗಿಯಿತು.

ನನ್ನ ಮಗಳು ಪಿಯುಸಿಯಲ್ಲಿ ಸೈನ್ಸ್ ಓದುತ್ತಾಳೆ. ಒಂದು ಸಂಜೆ ಅವಳನ್ನು ಕೂರಿಸಿಕೊಂಡು ಲೆಕ್ಕ ಹಾಕಿಸಿದೆ. ಖಾಲಿ ಗಾಡಿ ಐದು ಟನ್ ಅಂತ ಇಟ್ಟುಕೊಳ್ಳಿ. ಇಪ್ಪತ್ತು ಕಿಲೋಮೀಟರ್ ವೇಗದಿಂದ ಅದನ್ನು ನಿಲ್ಲಿಸಿದಾಗ ಬ್ರೇಕಿನಲ್ಲಿ ಹುಟ್ಟುವ ಬಿಸಿಯಿಂದ ಎಷ್ಟು ನೀರು ಕಾಯಿಸಬಹುದು? ಒಂದು ಲೋಟ. ಹೌದು, ಕಾಫಿಗೆ ಇಡುವಷ್ಟು. ಈಗ 12 ಟನ್ ಗಾಡಿ ಮಡಿಕೇರಿಯಿಂದ ಸಂಪಾಜೆಗೆ ಇಳಿಯುವುದನ್ನು ನೋಡಿ. ಸುಮಾರು 25 ಕಿಲೋಮೀಟರ್ ದಾರಿಯಲ್ಲಿ ಹತ್ತಿರ ಹತ್ತಿರ ಸಾವಿರ ಮೀಟರ್ ಎತ್ತರ ಇಳಿಯುತ್ತೇವೆ. ಅಲ್ಲಿ ಹುಟ್ಟುವ ಬಿಸಿ 32 ಯೂನಿಟ್ ಕರೆಂಟಿಗೆ ಸಮ. ಸುಮಾರು 350 ಲೀಟರ್ ನೀರು ಕುದಿಸಬಹುದು. ಎರಡು ಬ್ಯಾರೆಲ್‌ಗೆ ಸ್ವಲ್ಪ ಕಡಿಮೆ. ಎಂಜಿನ್ನು ಇದರಲ್ಲಿ ಒಂದು ಪಾಲು ತಡೆಯುತ್ತದೆ, ಸರಿಯಾದ ಗೇರಿನಲ್ಲಿದ್ದರೆ ದೊಡ್ಡ ಪಾಲನ್ನೇ ತಡೆಯುತ್ತದೆ. ಆದರೂ ಉಳಿದದ್ದನ್ನೆಲ್ಲ ಬ್ರೇಕ್ ಡ್ರಮ್ಮುಗಳೇ ನುಂಗಬೇಕು.

ನೀವು ಪರೀಕ್ಷೆ ಮಾಡುವುದು ಒಂದು ಲೋಟ ನೀರಿಗೆ. ನಾವು ಇಳಿಯುವುದು ಎರಡು ಬ್ಯಾರೆಲ್ ನೀರಿನ ಘಾಟಿ. ಮಗಳು ಲೆಕ್ಕ ಮುಗಿಸಿ, "ಅಪ್ಪ, ಇದು ಒಂದೂವರೆ ಸಾವಿರ ಪಟ್ಟು ಜಾಸ್ತಿ, ನಾನು ಎಲ್ಲೋ ಸೊನ್ನೆ ತಪ್ಪಿಸಿರಬೇಕು" ಅಂತ ಮತ್ತೆ ಮೊದಲಿಂದ ಮಾಡಿದಳು. ತಪ್ಪಿಸಿರಲಿಲ್ಲ.

ಹೀಗೆ ಪರೀಕ್ಷೆ ಮಾಡುವುದು ಯಾರಿಗೂ ಗೊತ್ತಿಲ್ಲದ ವಿದ್ಯೆ ಏನಲ್ಲ. ಹೊಸ ಮಾಡೆಲ್ ಭಾರೀ ಲಾರಿಗಳ ಬ್ರೇಕಿಗೆ ವಿಶ್ವಸಂಸ್ಥೆಯಡಿ ಮಾಡಿರುವ ಆರ್ 13 ಅನ್ನುವ ನಿಯಮದಲ್ಲಿ ಇಳಿಜಾರಿಗೆಂದೇ ಒಂದು ಪರೀಕ್ಷೆ ಇದೆ. ತುಂಬಿದ ಗಾಡಿ, ನೂರಕ್ಕೆ ಆರರಷ್ಟು ಇಳಿಜಾರು, 30ರ ವೇಗ, 6 ಕಿಲೋಮೀಟರ್ ದೂರ. ಆ ಬಿಸಿ ತಿಂದ ಮೇಲೂ ಬ್ರೇಕ್ ಕೆಲಸ ಮಾಡಬೇಕು. ಆರು ಕಿಲೋಮೀಟರಿಗೆ ಆರು ಪರ್ಸೆಂಟ್ ಅಂದರೆ 360 ಮೀಟರ್ ಇಳಿದ ಹಾಗೆ. ನಮ್ಮ ಘಾಟಿ ಅದರ ಎರಡೂವರೆ ಪಟ್ಟಿಗೂ ಜಾಸ್ತಿ. ಹೊಸ ಗಾಡಿಗೆ ಇಂಥ ಪರೀಕ್ಷೆ ಬೇಕು ಅಂತಾದರೆ ಮೂವತ್ತು ವರ್ಷ ಹಳೇ ಗಾಡಿಗೆ ಮೈದಾನದಲ್ಲಿ ಒಂದು ಸುತ್ತು ಸಾಕಾ?

ಇನ್ನು ನಾನು ಏನು ಮಾಡಲು ಹೊರಟೆ ಅನ್ನುವುದು.

ಕುಶಾಲನಗರ ಕಡೆ ನನಗೆ ಗೊತ್ತಿರುವ ಒಬ್ಬ ಮೇಸ್ತ್ರಿ ಇದ್ದಾರೆ. ಲಾರಿಯನ್ನು ಅವರ ಶೆಡ್ಡಿಗೆ ಎಳೆದುಕೊಂಡು ಹೋದೆ. ನಾಲ್ಕೂ ಕಡೆ ಡ್ರಮ್ ಬಿಚ್ಚಿಸಿದರು. ಹಿಂದಿನ ಡ್ರಮ್ಮುಗಳು ನೀಲಿ ಬಣ್ಣಕ್ಕೆ ತಿರುಗಿದ್ದವು. ಕಬ್ಬಿಣ ಅತಿಯಾಗಿ ಕಾದ ಗುರುತು ಅದು. ಒಂದರಲ್ಲಿ ಕೂದಲೆಳೆಯಂಥ ಬಿರುಕುಗಳಿದ್ದವು. ಮುಂದಿನ ಒಂದು ಚಕ್ರದ ಸಿಲಿಂಡರ್ ಜಾಮ್ ಆಗಿ ಆ ಬ್ರೇಕ್ ಕೆಲಸವನ್ನೇ ಮಾಡುತ್ತಿರಲಿಲ್ಲ. ಅದರ ಪಾಲಿನ ಭಾರವನ್ನೂ ಬೇರೆ ಚಕ್ರಗಳು ಹೊತ್ತುಕೊಂಡಿದ್ದವು. "ಅಣ್ಣಾ, ನೀವು ಇಷ್ಟು ದಿನ ಬ್ರೇಕಲ್ಲಿ ಗಾಡಿ ಓಡಿಸ್ಲಿಲ್ಲ, ಹರಕೆಯಲ್ಲಿ ಓಡಿಸಿದ್ರಿ" ಅಂದರು ಮೇಸ್ತ್ರಿ.

ಅವರು ಹೇಳಿದ ದಾರಿಗಳು ಮೂರು ಬಗೆ. ಸಣ್ಣದು ಅಂದರೆ ಡ್ರಮ್, ಲೈನರ್, ಹೋಸ್ ಪೈಪ್, ಸಿಲಿಂಡರ್ ಎಲ್ಲ ಹೊಸದು ಹಾಕಿ, ಡಾಟ್ 4 ಆಯಿಲ್ ತುಂಬಿಸುವುದು. ಅದು ಹೊಸದಿದ್ದಾಗ 230 ಡಿಗ್ರಿ, ತೇವ ಹೀರಿದ ಮೇಲೆ 155 ಡಿಗ್ರಿ ತಡೆಯಬೇಕು ಅಂತ ಲೆಕ್ಕ. ಅದಕ್ಕಿಂತ ಮುಂದಿನದು, ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರನ್ನು ಎರಡು ಭಾಗದ್ದಕ್ಕೆ ಬದಲಾಯಿಸುವುದು. ನನ್ನ ಗಾಡಿಯಲ್ಲಿ ಒಂದೇ ಸರ್ಕ್ಯೂಟ್. ಎಲ್ಲಾದರೂ ಒಂದು ಪೈಪು ಒಡೆದರೆ ಆರೂ ಚಕ್ರದ ಬ್ರೇಕ್ ಒಟ್ಟಿಗೆ ಹೋಗುತ್ತದೆ. ಎರಡು ಸರ್ಕ್ಯೂಟ್ ಆದರೆ ಮುಂದಿನದು ಹೋದರೂ ಹಿಂದಿನದು ಉಳಿಯುತ್ತದೆ. ಜೊತೆಗೆ ಎಕ್ಸಾಸ್ಟ್ ಬ್ರೇಕ್. ಸೈಲೆನ್ಸರ್ ದಾರಿಯಲ್ಲಿ ಒಂದು ಬಾಗಿಲು ಮುಚ್ಚಿದ ಹಾಗೆ. ಹೊಗೆ ಹೊರಗೆ ಹೋಗಲಾಗದೆ ಎಂಜಿನ್ನೇ ಗಾಡಿಯನ್ನು ಹಿಂದಕ್ಕೆ ಜಗ್ಗುತ್ತದೆ. ಆ ಕೆಲಸದ ಬಿಸಿ ಡ್ರಮ್ಮಿಗೆ ಹೋಗುವುದೇ ಇಲ್ಲ. ಘಾಟಿಯಲ್ಲಿ ಓಡಿಸುವವನಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ.

ದೊಡ್ಡ ದಾರಿ ಅಂದರೆ ಪೂರ್ತಿ ಏರ್ ಬ್ರೇಕ್, ಆಯಿಲ್ ಬದಲು ಗಾಳಿಯ ಒತ್ತಡದಲ್ಲೇ ಹಿಡಿಯುವುದು. ಅದೇ ಕಂಪನಿಯ ಆಮೇಲಿನ ಮಾಡೆಲ್‌ನಲ್ಲಿ ಬಂದ ಬ್ರೇಕನ್ನು ಇದಕ್ಕೆ ಕೂರಿಸುವುದು. ಸುಮ್ನೆ ಪೈಪು ಬದಲಾಯಿಸಿದರೆ ಆಗುವ ಕೆಲಸ ಅಲ್ಲ. ಎರಡೂ ಆಕ್ಸಲ್‌ನ ಬ್ರೇಕ್ ಪ್ಲೇಟ್, ಲೈನರ್ ಕೂರುವ ಶೂ, ಕ್ಯಾಮ್, ಗಾಳಿ ತುಂಬಿ ರಾಡು ತಳ್ಳುವ ಬ್ರೇಕ್ ಚೇಂಬರ್, ಲೈನರ್ ಸವೆದಂತೆ ಅಂತರ ಸರಿಮಾಡುವ ಸ್ಲ್ಯಾಕ್ ಅಡ್ಜಸ್ಟರ್, ಕಾಲಿನ ಹತ್ತಿರದ ಎರಡು ಸರ್ಕ್ಯೂಟಿನ ವಾಲ್ವ್, ಬೇರೆ ಬೇರೆ ಗಾಳಿ ಟ್ಯಾಂಕು, ನೀರು ಹಿಡಿಯುವ ಡ್ರೈಯರ್, ಗಾಳಿ ಕಡಿಮೆಯಾದರೆ ಕೂಗುವ ಬಜರ್. ಬೂಸ್ಟರಿಗೆ ಅಂತ ಕಂಪ್ರೆಸರ್ ಮೊದಲೇ ಇದೆ, ಅದನ್ನು ದೊಡ್ಡದು ಮಾಡಬೇಕು. ಹಿಂದಿನ ಚಕ್ರಗಳಿಗೆ ಸ್ಪ್ರಿಂಗ್ ಬ್ರೇಕ್ ಹಾಕಿದರೆ ಇನ್ನೊಂದು ಲಾಭ. ಅಲ್ಲಿ ಗಾಳಿ ಬ್ರೇಕನ್ನು ಹಿಡಿಯುವುದಲ್ಲ, ಬಿಡಿಸುವುದು. ಗಾಳಿ ಪೂರ್ತಿ ಸೋರಿಹೋದರೆ ಸ್ಪ್ರಿಂಗ್ ಬಂದು ಚಕ್ರ ಹಿಡಿದುಕೊಳ್ಳುತ್ತದೆ. ನನ್ನ ಗಾಡಿಯಲ್ಲಿ ಕೆಟ್ಟರೆ ಗಾಡಿ ಓಡುತ್ತದೆ, ಇದರಲ್ಲಿ ಕೆಟ್ಟರೆ ಗಾಡಿ ನಿಲ್ಲುತ್ತದೆ.

ಏರ್ ಬ್ರೇಕ್ ಹಾಕಿದರೆ ಎಲ್ಲ ಮುಗಿಯಿತು ಅಂತ ನಾನು ಹೇಳುತ್ತಿಲ್ಲ. ಗಾಳಿ ಕುದಿಯುವುದಿಲ್ಲ, ನಿಜ. ಆದರೆ ಡ್ರಮ್ ಕಾಯುವುದು ಕಾಯುತ್ತದೆ, ಕಾದು ಹಿಗ್ಗುತ್ತದೆ, ಲೈನರ್ ಹಿಡಿತ ಕಳೆದುಕೊಳ್ಳುತ್ತದೆ. ಅಡ್ಜಸ್ಟರ್ ಸಡಿಲ ಇದ್ದರೆ ಚೇಂಬರಿನ ರಾಡು ಪೂರ್ತಿ ಹೊರಗೆ ಬಂದರೂ ಶೂ ಡ್ರಮ್ಮಿಗೆ ಸರಿಯಾಗಿ ತಾಗುವುದಿಲ್ಲ. ಅದಕ್ಕೇ ತಾನಾಗಿ ಸರಿಹೊಂದುವ ಅಡ್ಜಸ್ಟರೂ ಬೇಕು, ಎಕ್ಸಾಸ್ಟ್ ಬ್ರೇಕೂ ಬೇಕು ಅಂತ ಮೇಸ್ತ್ರಿ ಹಟ ಹಿಡಿದರು. ಖರ್ಚು ಒಂದೂವರೆ ಲಕ್ಷದ ಮೇಲೆ ಅಂದರು. ಹೆಂಡತಿಗೆ ಹೇಳಿದೆ. ಅವಳು ಆ ಕ್ಲೀನರ್ ಹುಡುಗನ ತಾಯಿಯನ್ನು ಆಸ್ಪತ್ರೆಯಲ್ಲಿ ನೋಡಿಕೊಂಡು ಬಂದಿದ್ದಳು. "ಮೆಣಸು ಮಾರಿದ ದುಡ್ಡು ಇದೆಯಲ್ಲ" ಅಂದಳು. ಮತ್ತೆ ಮಾತಾಡಲಿಲ್ಲ.

ದುಡ್ಡು ಸಿದ್ಧವಾಯಿತು. ಮೇಸ್ತ್ರಿ ಸಿದ್ಧ. ನಾನು ಒಂದು ತಪ್ಪು ಮಾಡಿದೆ. ಕಾನೂನು ಪ್ರಕಾರ ಮಾಡೋಣ ಅಂತ ಸಾರಿಗೆ ಕಚೇರಿಯೊಂದಕ್ಕೆ ಅರ್ಜಿ ಬರೆದುಕೊಂಡು ಹೋದೆ. ಯಾವ ಕಚೇರಿ ಅಂತ ಹೇಳುವುದಿಲ್ಲ. ಅಲ್ಲಿ ಕೂತವರ ಮೇಲೆ ನನಗೆ ಸಿಟ್ಟಿಲ್ಲ, ಅವರ ಕೈಯಲ್ಲೂ ಏನೂ ಇಲ್ಲ ಅಂತ ಆಮೇಲೆ ಗೊತ್ತಾಯಿತು. ಮೊದಲ ಮೇಜಿನವರು ಅರ್ಜಿ ಓದಿ, "ಬ್ರೇಕ್ ಚೇಂಜಾ? ಇದಕ್ಕೆ ಫಾರಂ ಇಲ್ಲ ಸಾರ್" ಅಂದರು. ಬಣ್ಣ ಬದಲಾಯಿಸಲು ಅರ್ಜಿ ಇದೆ. ಬಾಡಿ ಬದಲಾಯಿಸಲು ಇದೆ. ಬ್ರೇಕಿಗೆ ಇಲ್ಲ. ಇನ್ನೊಂದು ಮೇಜಿನವರು, ಆರ್‌ಸಿಯಲ್ಲಿ ಬ್ರೇಕ್ ಯಾವುದು ಅಂತ ಬರೆದೇ ಇರುವುದಿಲ್ಲ, ಹಾಗಾಗಿ ನಮಗೆ ಹೇಳುವುದೇ ಬೇಡ ಅಂದರು. ಮೂರನೆಯವರು ಅದನ್ನು ಕೇಳಿಸಿಕೊಂಡು, ಕಂಪನಿ ಕೊಟ್ಟದ್ದನ್ನು ಮುಟ್ಟಿದರೆ ಗಾಡಿ ಸೀಜ್ ಆಗುತ್ತದೆ ಅಂದರು. ಮೂರು ಜನ, ಮೂರು ಉತ್ತರ. ಯಾವುದಾದರೂ ಒಂದನ್ನು ಬರೆದು ಕೊಡಿ ಅಂದೆ. ಯಾರೂ ಕೊಡಲಿಲ್ಲ. ಹೊರಗೆ ಬಂದರೆ ಏಜೆಂಟ್ ಒಬ್ಬ ಟೀ ಕುಡಿಯುತ್ತಾ ನಿಂತಿದ್ದ. "ಸುಮ್ನೆ ಮಾಡಿಸ್ಕೊಂಡು ಬಿಡಿ ಸಾರ್, ಗಾಡಿ ಅಡಿಗೆ ಯಾರು ಬಗ್ಗಿ ನೋಡ್ತಾರೆ?" ಅಂದ. ಆ ದಿನ ನನಗೆ ಸಿಕ್ಕ ಖಚಿತವಾದ ಉತ್ತರ ಅದೊಂದೇ.

ಸುಮ್ನೆ ಮಾಡಿಸಿಕೊಳ್ಳಬಹುದಿತ್ತು. ಆದರೆ ನಾಳೆ ಏನಾದರೂ ಆದರೆ? ಇನ್ಶೂರೆನ್ಸ್ ಸರ್ವೇಯರ್ ಬಂದು, ಕಂಪನಿ ಕೊಟ್ಟ ಬ್ರೇಕ್ ಇದಲ್ಲ ಅಂತ ಒಂದು ಸಾಲು ಬರೆದರೆ ಸಾಕು. ಬ್ರೇಕ್ ಕೆಟ್ಟಿದ್ದಾಗ ನನ್ನ ದಾಖಲೆ ಎಲ್ಲ ಸರಿ ಇತ್ತು. ಬ್ರೇಕ್ ಸರಿಮಾಡಿಸಿದರೆ ನನ್ನ ದಾಖಲೆ ಕೆಡುತ್ತದೆ. ಇದೆಂಥ ನ್ಯಾಯ ಸಾರ್?

ನನ್ನ ಕೈಲಾದಷ್ಟು ಓದಿಕೊಂಡೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಕಂಪನಿ ಕೊಟ್ಟ ವಿವರಕ್ಕೂ ಆರ್‌ಸಿಯ ವಿವರಕ್ಕೂ ವ್ಯತ್ಯಾಸ ಬರುವ ಹಾಗೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅದು ಸರಿಯೇ. ಬೇಕಾಬಿಟ್ಟಿ ಗಾಡಿ ಕಡಿದು ಜೋಡಿಸುವವರಿಗೆ ಲಗಾಮು ಬೇಕು. ಆದರೆ ಅದೇ ವರ್ಷ ಕಾಯ್ದೆಗೆ ತಿದ್ದುಪಡಿ ಬಂದಾಗ ಇದೇ ಕಲಂಗೆ ಇನ್ನೊಂದು ಮಾತು ಸೇರಿತು. ಓಡುತ್ತಿರುವ ಗಾಡಿಗೆ ಹೊಸ ಭಾಗ ಅಳವಡಿಸಲು ಯಾವ ಗುಣಮಟ್ಟ, ಯಾವ ಷರತ್ತು, ಹೇಗೆ ಒಪ್ಪಿಗೆ ಅಂತ ಕೇಂದ್ರ ಸರ್ಕಾರ ನಿಯಮ ಮಾಡಬಹುದು. ಅಂದರೆ ಬಾಗಿಲು ಇದೆ. ಗ್ಯಾಸ್ ಕಿಟ್ ಹಾಕುವವರಿಗೆ ಇದೇ ಕಲಂನಲ್ಲಿ ಅದಕ್ಕೂ ಮೊದಲೇ ದಾರಿ ಇತ್ತು. ಎಂಜಿನ್ ತೆಗೆದು ಎಲೆಕ್ಟ್ರಿಕ್ ಮೋಟಾರ್ ಹಾಕಲೂ ನಿಯಮ ಇದೆ. ಗಾಡಿಯನ್ನು ಓಡಿಸುವ ಭಾಗ ಬದಲಾಯಿಸಲು ದಾರಿ ಮಾಡಿದವರು, ನಿಲ್ಲಿಸುವ ಭಾಗವನ್ನು ಮರೆತರು ಅಂತ ಕಾಣುತ್ತದೆ.

ಹಳೇ ಲಾರಿ ಗುಜರಿಗೆ ಹಾಕಿ ಹೊಸದು ತೆಗೆದುಕೊಳ್ಳಿ ಅಂತ ಹೇಳುವವರಿದ್ದಾರೆ. ಹೊಸ ಭಾರೀ ಲಾರಿಗಳಲ್ಲಿ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಪೂರ್ತಿ ನಿಂತು ಜಾರದ ಹಾಗೆ ನೋಡಿಕೊಳ್ಳುವ ವ್ಯವಸ್ಥೆ) ಸಹಿತ ಎಲ್ಲ ಇದೆ, ನನಗೂ ಆಸೆ ಇದೆ. ಮೂರು ಎಕರೆಯವನು ಅದರ ಕಂತು ಎಲ್ಲಿಂದ ಕಟ್ಟುತ್ತಾನೆ? ನನ್ನಂಥವರು ಇನ್ನೂ ಐದಾರು ವರ್ಷ ಇದೇ ಗಾಡಿ ಓಡಿಸುತ್ತೇವೆ. ಪ್ರಶ್ನೆ ಇರುವುದು, ಯಾವ ಬ್ರೇಕಿನಲ್ಲಿ ಅಂತ.

ಹಾಗಾಗಿ ನನ್ನ ಮೊದಲ ಮತ್ತು ದೊಡ್ಡ ಬೇಡಿಕೆ ಒಂದು ಸುತ್ತೋಲೆ. ಹಳೇ ಲಾರಿಗೆ ಯಾವ ಬ್ರೇಕ್ ಕೆಲಸ ಬರೀ ರಿಪೇರಿ, ಯಾವುದಕ್ಕೆ ಅನುಮತಿ ಬೇಕು, ಯಾವುದು ಕೂಡದು ಅಂತ ಕನ್ನಡದಲ್ಲಿ ಬರೆದು ಎಲ್ಲ ಕಚೇರಿಗೂ ಕಳಿಸಿ. ಎಕ್ಸಾಸ್ಟ್ ಬ್ರೇಕ್ ಮತ್ತು ಎರಡು ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರಿಗೆ ತೊಂದರೆ ಕೊಡಬೇಡಿ. ಏರ್ ಬ್ರೇಕಿಗೆ ಬೇಕಾದರೆ ಬಿಗಿಯಾದ ಷರತ್ತು ಹಾಕಿ. ಅದೇ ಕಂಪನಿಯ ಅಸಲಿ ಭಾಗಗಳೇ ಇರಲಿ, ಬಿಲ್ಲು ತೋರಿಸಲಿ, ಗುಜರಿಯಿಂದ ತಂದದ್ದು ಬೇಡ. ಕೆಲಸ ಆದ ಮೇಲೆ ನಿಮ್ಮ ಇನ್‌ಸ್ಪೆಕ್ಟರ್ ಬಂದು ನೋಡಲಿ, ಲೋಡು ಹಾಕಿಸಿ ಓಡಿಸಿ ನೋಡಲಿ, ಆಮೇಲೆ ಆರ್‌ಸಿಯಲ್ಲಿ ಒಂದು ಸಾಲು ಬರೆಯಲಿ. ಕೇಂದ್ರದ ನಿಯಮ ಬೇಕೇ ಬೇಕು ಅಂತಾದರೆ ನೀವು ದೆಹಲಿಗೆ ಬರೆಯಿರಿ. ನಾನು ಬರೆದರೆ ಅಲ್ಲಿ ಯಾರು ಓದುತ್ತಾರೆ?

ಎರಡನೆಯದು ಎಫ್‌ಸಿ ಪರೀಕ್ಷೆ. ಯಂತ್ರದ ರೋಲರ್ ಮೇಲೆ ನಿಲ್ಲಿಸಿ ಪ್ರತಿ ಚಕ್ರದ ಬ್ರೇಕ್ ಬಲ ಅಳೆಯುವ ಕೇಂದ್ರಗಳು ಬರುತ್ತಿವೆ. ಒಳ್ಳೆಯದು. ಅದಿದ್ದರೆ ನನ್ನ ಮುಂದಿನ ಚಕ್ರದ ಜಾಮ್ ಆದ ಸಿಲಿಂಡರ್ ಸಿಕ್ಕಿಬೀಳುತ್ತಿತ್ತು. ಆದರೆ ಕುದಿಯುವ ಆಯಿಲ್ ಅಲ್ಲಿಯೂ ಸಿಗುವುದಿಲ್ಲ, ಯಾಕೆಂದರೆ ಅಲ್ಲಿಯೂ ಬ್ರೇಕ್ ತಣ್ಣಗೇ ಇರುತ್ತದೆ. ಬ್ರೇಕ್ ಆಯಿಲ್‌ನಲ್ಲಿ ತೇವ ಎಷ್ಟಿದೆ ಅಂತ ನೋಡುವ ಸಣ್ಣ ಉಪಕರಣ ಸಿಗುತ್ತದೆ, ಅಂಗೈಯಲ್ಲಿ ಹಿಡಿಯುವಷ್ಟು. ಘಾಟಿ ಇರುವ ಜಿಲ್ಲೆಗಳಲ್ಲಿ ಹೈಡ್ರಾಲಿಕ್ ಬ್ರೇಕಿನ ಲಾರಿಗೆ ಅದನ್ನು ಕಡ್ಡಾಯ ಮಾಡಿ. ಐದು ನಿಮಿಷದ ಕೆಲಸ.

ಇನ್ನೊಂದು, ಇದು ನನ್ನ ತಲೆಗೆ ಹೊಳೆದದ್ದು. ಕೊರೊನಾ ಸಮಯದಲ್ಲಿ ಚೆಕ್‌ಪೋಸ್ಟಿನಲ್ಲಿ ಎಲ್ಲರ ಹಣೆಗೆ ಗನ್ ಹಿಡಿದು ಜ್ವರ ನೋಡುತ್ತಿದ್ದರು, ನೆನಪಿದೆಯಲ್ವಾ? ಅಂಥದ್ದೇ ಗನ್ ಕಬ್ಬಿಣದ ಬಿಸಿ ಅಳೆಯಲೂ ಸಿಗುತ್ತದೆ. ಸಂಪಾಜೆಯಲ್ಲಿ ಒಂದು, ಕೇರಳ ಕಡೆ ಇಳಿಯುವ ಘಾಟಿಯ ಮಾಕುಟ್ಟದಲ್ಲಿ ಒಂದು ಕೊಡಿ. ಇಳಿದು ಬಂದ ಲಾರಿಯ ಚಕ್ರಗಳಿಗೆ ಹಿಡಿಯಲಿ. ಒಂದು ಡ್ರಮ್ ತುಂಬಾ ಬಿಸಿ, ಪಕ್ಕದ್ದು ತಣ್ಣಗೆ ಅಂದರೆ ತಣ್ಣಗಿರುವ ಬ್ರೇಕ್ ಕೆಲಸ ಮಾಡುತ್ತಿಲ್ಲ ಅಂತ ಅರ್ಥ. ದಂಡ ಹಾಕುವುದೇನೂ ಬೇಡ. ಡ್ರೈವರಿಗೆ ಹೇಳಿ ಕಳಿಸಿದರೆ ಸಾಕು, ಅವನ ಪ್ರಾಣ ಅವನಿಗೂ ಬೇಕು.

ಘಾಟಿಯ ನಡುವೆ ಲಾರಿ ನಿಲ್ಲಿಸಿ ಬ್ರೇಕ್ ತಣ್ಣಗಾಗಲು ಬಿಡುವುದಕ್ಕೆ ಎರಡು ಕಡೆ ಜಾಗ ಬೇಕು. ಬ್ರೇಕ್ ತಪ್ಪಿದ ಗಾಡಿ ಹತ್ತಿ ನಿಲ್ಲುವ ಜಲ್ಲಿಯ ಏರುದಾರಿಗಳನ್ನು ಬೇರೆ ಕಡೆ ಮಾಡುತ್ತಾರಂತೆ. ನಮ್ಮಲ್ಲಿ ಅದನ್ನು ಕೇಳಲು ನನಗೇ ಹೆದರಿಕೆ. 2018ರ ಆಗಸ್ಟಿನಲ್ಲಿ ಮದೆನಾಡು, ಜೋಡುಪಾಲದಲ್ಲಿ ಗುಡ್ಡ ಬಂದದ್ದನ್ನು ಕಂಡವರು ಇನ್ನೊಂದು ಕಡೆ ಬರೆ ಕಡಿಯಿರಿ ಅಂತ ಹೇಳಲಾರರು. ಈಗಾಗಲೇ ಅಗಲ ಇರುವ ಕಡೆ ಒಂದು ಬೋರ್ಡು ಹಾಕಿ, ಅಲ್ಲಿ ಬೇರೆ ಗಾಡಿ ನಿಲ್ಲದ ಹಾಗೆ ನೋಡಿಕೊಂಡರೆ ಸಾಕು.

ಇನ್ನು ನಮ್ಮವರಿಗೆ ಎರಡು ಮಾತು. ಲಾರಿ ಮಾಲೀಕರೇ, ಆಯುಧಪೂಜೆಗೆ ಬಾಳೆಕಂದು ಕಟ್ಟಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಕುಂಬಳಕಾಯಿ ಒಡೆಯುತ್ತೇವೆ. ಅದೇ ವಾರ ಬ್ರೇಕ್ ಆಯಿಲ್ ಪೂರ್ತಿ ತೆಗೆದು ಹೊಸದು ಹಾಕಿಸುವ ಪದ್ಧತಿ ಮಾಡಿಕೊಳ್ಳೋಣ. ಮಳೆ ಮುಗಿದಿರುತ್ತದೆ, ಮರದ ಸೀಸನ್ ಶುರುವಾಗುತ್ತಿರುತ್ತದೆ, ಅದಕ್ಕಿಂತ ಒಳ್ಳೆ ಸಮಯ ಇಲ್ಲ. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಯುವ ಚಾಳಿ ಬಿಡೋಣ. ಕಡಿಮೆ ರೇಟಿನ ಡೂಪ್ಲಿಕೇಟ್ ಲೈನರ್ ಹಾಕಿಸಿ ಡ್ರೈವರನ್ನು ಘಾಟಿಗೆ ಕಳಿಸಬೇಡಿ. ತೋಟದ ಮಾಲೀಕರೇ, ಬಾಡಿಗೆಯನ್ನು ಟನ್ನಿಗೆ ಇಷ್ಟು ಅಂತ ಮಾತಾಡುತ್ತೀರಿ. ಹಾಗಾಗಿ ನಾವು ಇನ್ನೆರಡು ದಿಮ್ಮಿ ಹಾಕು ಅನ್ನುತ್ತೇವೆ. ಟ್ರಿಪ್ಪಿಗೆ ಇಷ್ಟು ಅಂತ ಮಾಡಿ ನೋಡಿ. ನಿಮ್ಮ ಮಕ್ಕಳೂ ಮಂಗಳೂರಿಗೆ ಇದೇ ರಸ್ತೆಯಲ್ಲಿ, ನಮ್ಮ ಮುಂದೆಯೇ ಹೋಗುವುದು.

ಮಾನ್ಯ ಆಯುಕ್ತರೇ, ನೀವು ಒಂದು ಸಲ ಬಂದರೆ ಮಡಿಕೇರಿಯಿಂದ ಸಂಪಾಜೆವರೆಗೆ ಒಂದು ತುಂಬಿದ ಲಾರಿಯಲ್ಲಿ, ಡ್ರೈವರ್ ಪಕ್ಕದ ಸೀಟಿನಲ್ಲಿ ಇಳಿದು ನೋಡಿ ಅಂತ ಕೇಳಿಕೊಳ್ಳುತ್ತೇನೆ. ನನ್ನ ಲಾರಿಯಲ್ಲಿ ಕರೆದುಕೊಂಡು ಹೋಗಲು ಈಗ ಆಗುವುದಿಲ್ಲ. ಡ್ರಮ್ಮು, ಸಿಲಿಂಡರು, ಆಯಿಲ್ ಎಲ್ಲ ಹೊಸದು ಹಾಕಿಸಿದ್ದೇನೆ, ಅದು ರಿಪೇರಿ, ಅದಕ್ಕೆ ಯಾರನ್ನೂ ಕೇಳಬೇಕಾಗಿಲ್ಲ. ಉಳಿದದ್ದಕ್ಕೆ ನಿಮ್ಮ ಉತ್ತರ ಬರಬೇಕು. ಅಲ್ಲಿಯವರೆಗೆ ಘಾಟಿಯ ಬಾಡಿಗೆ ಒಪ್ಪಿಕೊಳ್ಳುತ್ತಿಲ್ಲ. ಕುಶಾಲನಗರದವರೆಗೆ ಕಾಫಿ ಮೂಟೆ ಹೊಡೆಯುತ್ತೇನೆ, ಉಳಿದ ದಿನ ಲಾರಿ ಮನೆ ಮುಂದೆಯೇ ಇರುತ್ತದೆ. ಹಣೆಗೆ ಹೊಲಿಗೆ ಬಿದ್ದ ಹುಡುಗ ಈಗಲೂ ನನ್ನ ಜೊತೆಗೇ ಇದ್ದಾನೆ. ಗಾಡಿ ನಿಲ್ಲಿಸಿದ ತಕ್ಷಣ, ನಾನು ಹೇಳುವುದಕ್ಕೂ ಮೊದಲೇ, ಇಳಿದು ಹಿಂದಿನ ಚಕ್ರಕ್ಕೆ ಕಲ್ಲು ಕೊಡುತ್ತಾನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಲಾರಿ ಮಾಲೀಕ ಮತ್ತು ಡ್ರೈವರ್,
ಸುಂಟಿಕೊಪ್ಪ, ಕೊಡಗು ಜಿಲ್ಲೆ.